ನಿಮ್ಮ ಮಾತು ನಿಮಗೇ ತಿರುಗಿ ಕೇಳಿದರೆ

"ತಮಾ, ಯನ್ನ ಮಾತೇ ಯಂಗೆ ತಿರುಗಿ ಕೇಳ್ತು. ಯನ್ನ ಫೋನೇ ಹಾಳಾಯ್ದು ಕಾಣ್ತು."

ಶಿರಸಿ, ಸಿದ್ದಾಪುರ, ಯಲ್ಲಾಪುರದ ಮನೆಗಳಲ್ಲಿ ಸಂಜೆ ಹೊತ್ತಿಗೆ ಇಂಥ ಮಾತು ಹೊಸದೇನಲ್ಲ. ಮಗ ಬೆಂಗಳೂರಿನಲ್ಲಿ, ಮಗಳು ಪುಣೆಯಲ್ಲೋ ಅಮೆರಿಕದಲ್ಲೋ. ದಿನದ ಮಾತೆಲ್ಲ ಫೋನಿನಲ್ಲೇ. ಮಾತು ಎರಡೆರಡು ಸಲ ಕೇಳತೊಡಗಿದರೆ ಊರಲ್ಲಿರುವ ತಾಯಿ ತನ್ನ ಫೋನನ್ನು ಅನುಮಾನಿಸುತ್ತಾಳೆ, ಪೇಟೆಗೆ ಕಳಿಸಿ ರಿಪೇರಿ ಮಾಡಿಸುತ್ತಾಳೆ, ಕೊನೆಗೆ ಹೊಸದನ್ನೇ ಕೊಳ್ಳುತ್ತಾಳೆ. ಅಷ್ಟಾದರೂ ಎಕೋ ಹೋಗುವುದಿಲ್ಲ, ಏಕೆಂದರೆ ತೊಂದರೆ ಇರುವುದು ಅವಳ ಫೋನಿನಲ್ಲಲ್ಲ, ಮಗನ ಫೋನಿನಲ್ಲಿ.

ಕರೆಯಲ್ಲಿ ಎಕೋ ಕೇಳಿಸಿದಾಗ ಮೊದಲು ತಿಳಿಯಬೇಕಾದದ್ದು ಇದೇ. ಯಾರಿಗೆ ತಮ್ಮ ದನಿ ತಿರುಗಿ ಕೇಳುತ್ತದೋ ಅವರ ಕಡೆ ತಪ್ಪಿರುವುದು ಅಪರೂಪ. ತಾಯಿಯ ಮಾತು ಬೆಂಗಳೂರಿಗೆ ಹೋಗಿ ಮಗನ ಫೋನಿನ ಸ್ಪೀಕರಿನಿಂದ ಹೊರಬೀಳುತ್ತದೆ, ಅಲ್ಲಿನ ಗೋಡೆ, ಮೇಜುಗಳಿಗೆ ಬಡಿದು ಅದೇ ಫೋನಿನ ಮೈಕಿಗೆ ಹೊಕ್ಕು ಸಿದ್ದಾಪುರಕ್ಕೆ ವಾಪಸು ಬರುತ್ತದೆ. ಪರೀಕ್ಷೆ ಸುಲಭ. ಆ ಕಡೆಯವರಿಗೆ ಮ್ಯೂಟ್ ಮಾಡಲು ಹೇಳಿ, ನೀವು ಎರಡು ಮಾತಾಡಿ. ಎಕೋ ನಿಂತರೆ ಸರಿಪಡಿಸಬೇಕಾದವರು ಅವರು. ಹತ್ತಾರು ಜನರ ಗುಂಪು ಕರೆಯಲ್ಲಾದರೆ ಒಬ್ಬೊಬ್ಬರಾಗಿ ಮ್ಯೂಟ್ ಆಗುತ್ತ ಹೋಗಲಿ, ಯಾರು ಮ್ಯೂಟ್ ಆದಾಗ ಎಕೋ ನಿಂತಿತೋ ಅವರ ಮನೆಯೇ ಮೂಲ. ಆ ವ್ಯಕ್ತಿಗೆ ಮಾತ್ರ ಕರೆ ಚೆನ್ನಾಗಿಯೇ ಕೇಳುತ್ತಿರುತ್ತದೆ. ಹಾಗಾಗಿ ಹೇಳದ ಹೊರತು ಅವರಿಗೆ ಗೊತ್ತಾಗುವುದಿಲ್ಲ. ಸಂಕೋಚ ಬಿಟ್ಟು ಹೇಳಿ.

ಅವರು ಮಾಡಬೇಕಾದದ್ದು ಹೆಚ್ಚೇನಿಲ್ಲ. ಇಯರ್‌ಫೋನ್ ಹಾಕಿಕೊಂಡರೆ ಸ್ಪೀಕರಿನ ಸದ್ದು ಮೈಕಿಗೆ ಹೋಗುವ ದಾರಿಯೇ ಮುಚ್ಚುತ್ತದೆ, ಹೆಚ್ಚಿನ ಎಕೋ ಅಲ್ಲಿಗೇ ಮುಗಿಯುತ್ತದೆ. ಇಯರ್‌ಫೋನ್ ಇಲ್ಲದಿದ್ದರೆ ಸ್ಪೀಕರಿನ ವಾಲ್ಯೂಮ್ ಇಳಿಸಲಿ. ಫೋನಿಗೆ ಹಾಕಿದ ಕವರು ಮೈಕಿನ ತೂತನ್ನು ಮುಚ್ಚಿದೆಯೇ ನೋಡಲಿ. ಒಂದೇ ಕೋಣೆಯಲ್ಲಿ ಇಬ್ಬರು ಎರಡು ಫೋನಿನಿಂದ ಒಂದೇ ಮೀಟಿಂಗಿಗೆ ಸೇರಿದ್ದರೆ ಒಂದರ ಮೈಕನ್ನೂ ಸ್ಪೀಕರನ್ನೂ ಪೂರ್ತಿ ಬಂದ್ ಮಾಡಬೇಕು. ಮೈಕ್ ಮಾತ್ರ ಬಂದ್ ಮಾಡಿದರೆ ಸಾಲದು, ಆ ಸ್ಪೀಕರಿನ ಸದ್ದು ಪಕ್ಕದ ಫೋನಿನ ಮೈಕಿಗೆ ಬೀಳುತ್ತಲೇ ಇರುತ್ತದೆ.

ಸ್ಪೀಕರ್ ಹಾಕಿಕೊಂಡೂ ಎಷ್ಟೋ ಕರೆಗಳು ನಿರಾಳವಾಗಿ ನಡೆಯುತ್ತವಲ್ಲ, ಅದು ಹೇಗೆ? ಫೋನಿನೊಳಗೆ ಎಕೋ ಅಳಿಸುವ ಒಂದು ಲೆಕ್ಕಾಚಾರ ಸದಾ ನಡೆಯುತ್ತಿರುತ್ತದೆ. ಸ್ಪೀಕರಿಗೆ ಯಾವ ಸದ್ದು ಹೋಗುತ್ತಿದೆ ಎಂಬುದು ಫೋನಿಗೆ ಗೊತ್ತು. ಅದು ಕೋಣೆಯಲ್ಲಿ ಸುತ್ತಿ ಎಷ್ಟು ತಡವಾಗಿ, ಎಷ್ಟು ಬದಲಾಗಿ ಮೈಕಿಗೆ ಬಂದೀತೆಂದು ಅಂದಾಜು ಮಾಡಿ, ಮೈಕಿಗೆ ಬಂದದ್ದರಿಂದ ಅಷ್ಟನ್ನು ಕಳೆಯುತ್ತದೆ, ಅಂದಾಜನ್ನು ಕ್ಷಣಕ್ಷಣವೂ ತಿದ್ದಿಕೊಳ್ಳುತ್ತದೆ. ಈ ವಿದ್ಯೆಗೆ ಬುನಾದಿ ಬಿದ್ದದ್ದು 1960ರ ದಶಕದಲ್ಲಿ, ಅಮೆರಿಕದ ಬೆಲ್ ಲ್ಯಾಬ್ಸ್‌ನಲ್ಲಿ, ದೂರದ ಟೆಲಿಫೋನ್ ಕರೆಗಳಿಗಾಗಿ. ಅದರ ಮುಖ್ಯ ಪ್ರಬಂಧಗಳಲ್ಲೊಂದನ್ನು 1967ರಲ್ಲಿ ಪ್ರಕಟಿಸಿದವರು ಮನಮೋಹನ ಸೊಂಧಿ. ಅವರು ನಮ್ಮ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಓದಿದವರು ಎಂಬುದನ್ನು ಕನ್ನಡದ ಓದುಗರು ತಿಳಿದಿರಬೇಕು.

ಈ ಲೆಕ್ಕ ಎಲ್ಲಿ ತಪ್ಪುತ್ತದೆಂದು ಗೊತ್ತಿದ್ದರೆ ಅರ್ಧ ಕೆಲಸ ಆದಂತೆ. ವಾಲ್ಯೂಮ್ ಪೂರ್ತಿ ಏರಿಸಿದರೆ ಸಣ್ಣ ಸ್ಪೀಕರ್ ಒಡಕು ದನಿ ಹೊರಡಿಸುತ್ತದೆ, ಫೋನ್ ಕಳಿಸಿದ ಸದ್ದೇ ಬೇರೆ, ಹೊರಬಿದ್ದದ್ದೇ ಬೇರೆ ಆಗಿ ಕಳೆಯುವ ಲೆಕ್ಕ ಕೂಡುವುದಿಲ್ಲ. ಕರೆಯನ್ನು ಬ್ಲೂಟೂತ್ ಸ್ಪೀಕರಿಗೋ ಟಿವಿಗೋ ಜೋಡಿಸಿದರೆ ಸದ್ದು ತಡವಾಗಿ ಹೊರಡುತ್ತದೆ, ಆಗಲೂ ಅಂದಾಜು ಕೈಕೊಡುತ್ತದೆ. ಫೋನನ್ನು ಕೈಯಲ್ಲಿ ಹಿಡಿದು ಮನೆ ತುಂಬ ಓಡಾಡಿದರೂ ಅಷ್ಟೇ. ಇಬ್ಬರೂ ಒಟ್ಟಿಗೆ ಮಾತಾಡಿದಾಗ ಒಬ್ಬರ ಮಾತಿನ ತುಂಡು ಕಾಣೆಯಾಗುವುದಕ್ಕೂ ಇದೇ ಕಾರಣ. ಎಕೋ ಅಳಿಸಲು ಹೋದ ಫೋನು ನಿಜವಾದ ಮಾತನ್ನೂ ಸ್ವಲ್ಪ ನುಂಗುತ್ತದೆ. ವಯಸ್ಸಾದವರ ಜೊತೆ ಮಾತಾಡುವಾಗ ಅವರು ಮುಗಿಸುವವರೆಗೆ ಕಾಯುವುದು ಮರ್ಯಾದೆಯೂ ಹೌದು, ತಾಂತ್ರಿಕವಾಗಿ ಸರಿಯೂ ಹೌದು.

ಮಾತು ತುಂಡುತುಂಡಾಗಿ ಬರುವುದು, ನಡುವೆ ಮೌನವಾಗುವುದು, ರೋಬೋಟಿನ ಹಾಗೆ ಕೇಳುವುದು ಎಕೋ ಅಲ್ಲ. ಅದು ನೆಟ್‌ವರ್ಕಿನ ಕೆಲಸ. ನಮ್ಮ ಹಳ್ಳಿಗಳಲ್ಲಿ ಟವರ್ ಸಿಗ್ನಲ್ ಗುಡ್ಡದ ಮೇಲೊಂದು ತೋಟದ ಕೆಳಗೊಂದು. ಮನೆಗೆ ಫೈಬರ್ ಬಂದಿದ್ದರೆ ಫೋನಿನಲ್ಲಿ ವೈಫೈ ಕಾಲಿಂಗ್ ಆನ್ ಮಾಡಿ. ಏರ್‌ಟೆಲ್ 2019ರ ಕೊನೆಗೆ, ಜಿಯೊ 2020ರ ಆರಂಭಕ್ಕೆ ಈ ಸೌಲಭ್ಯ ತಂದವು. ಹಳೆ ಮನೆಯ ದಪ್ಪ ಮಣ್ಣಿನ ಗೋಡೆ ದಾಟುವಷ್ಟರಲ್ಲಿ ವೈಫೈ ಸೊರಗುತ್ತದೆ. ಆದ್ದರಿಂದ ಮಾತಾಡುವ ಕೋಣೆಯಲ್ಲೇ ರೂಟರ್ ಇರಲಿ, ಇಲ್ಲವೇ ರೂಟರ್ ಇರುವಲ್ಲಿ ಕೂತು ಮಾತಾಡಿ. ಕರೆಂಟು ಹೋದರೆ ಫೈಬರ್ ಪೆಟ್ಟಿಗೆಯೂ ಸತ್ತುಹೋಗುತ್ತದೆ, ಅದಕ್ಕೊಂದು ಸಣ್ಣ ಯುಪಿಎಸ್ ಬೇಕು. ವೀಡಿಯೊ ಬಂದ್ ಮಾಡಿದರೆ ಮಾತಿಗೆ ಬೇಕಾದ ಡೇಟಾ ತೀರ ಕಡಿಮೆ.

ಟೈಲ್ಸ್ ಮನೆ, ಹಂಚಿನ ಮನೆ

ಇನ್ನು ರೆಕಾರ್ಡಿಂಗ್. ಇಲ್ಲಿ ಎಕೋ ಹುಟ್ಟುವುದು ಆ ಕಡೆಯವರ ಫೋನಿನಿಂದಲ್ಲ, ನಾವು ಕೂತ ಕೋಣೆಯಿಂದ.

ನಮ್ಮ ಹಳೆಯ ಮನೆಗಳಲ್ಲಿ ಗೋಡೆ ಮಣ್ಣಿನದು, ಮೇಲೆ ಮರದ ಹಲಗೆಯ ಅಟ್ಟ ಅಥವಾ ಹಂಚು, ಮೂಲೆಯಲ್ಲಿ ಅಡಿಕೆಯ ಗೋಣಿಚೀಲ, ಸುತ್ತಿಟ್ಟ ಹಾಸಿಗೆ, ಗಳುವಿನ ಮೇಲೆ ಬಟ್ಟೆ. ಸದ್ದು ಹಂಚಿನ ಸಂದಿಯಲ್ಲಿ ಹೊರಹೋಗುತ್ತಿತ್ತು, ಉಳಿದದ್ದನ್ನು ಗೋಣಿ, ಹಾಸಿಗೆಗಳು ಹೀರುತ್ತಿದ್ದವು. ಈಗ ಕಟ್ಟುವ ಮನೆಗಳಲ್ಲಿ ಆರ್‌ಸಿಸಿ ಛಾವಣಿ, ಪುಟ್ಟಿ ಹಚ್ಚಿ ಪೇಂಟ್ ಬಳಿದ ನುಣುಪು ಗೋಡೆ, ಹೊಳೆಯುವ ಟೈಲ್ಸ್, ದೊಡ್ಡ ಗಾಜಿನ ಕಿಟಕಿ. ಇವೆಲ್ಲ ಬಿದ್ದ ಸದ್ದಿನ ನೂರರಲ್ಲಿ ಕೆಲವೇ ಪಾಲು ಮಾತ್ರ ಹೀರಿ ಉಳಿದದ್ದನ್ನು ವಾಪಸು ಕಳಿಸುತ್ತವೆ. ಹೊಸ ಮನೆಯ ಹಾಲ್‌ನಲ್ಲಿ ಮಾತಾಡಿದರೆ ಗುಂಯ್‌ಗುಡುವುದು ಅದಕ್ಕೇ.

ಕೋಣೆಯ ಗುಂಯ್‌ಗುಡುವಿಕೆಯನ್ನು ಮೊದಲು ಲೆಕ್ಕಕ್ಕೆ ತಂದವನು ಹಾರ್ವರ್ಡ್ ವಿಶ್ವವಿದ್ಯಾಲಯದ ವಾಲೆಸ್ ಸಬೈನ್. 1895ರಲ್ಲಿ ಅಲ್ಲಿನ ಫಾಗ್ ವಸ್ತುಸಂಗ್ರಹಾಲಯದ ಹೊಸ ಉಪನ್ಯಾಸ ಸಭಾಂಗಣದಲ್ಲಿ ಮಾತು ಅರ್ಥವಾಗುತ್ತಲೇ ಇರಲಿಲ್ಲ. ಖಾಲಿ ಸಭಾಂಗಣದಲ್ಲಿ ಒಂದು ಸದ್ದು ಪೂರ್ತಿ ಅಡಗಲು ಐದೂವರೆ ಸೆಕೆಂಡು ಹಿಡಿಯುತ್ತಿತ್ತು. ಸಬೈನ್ ರಾತ್ರಿಯ ನಿಶ್ಶಬ್ದದಲ್ಲಿ ಪಕ್ಕದ ನಾಟಕಶಾಲೆಯ ಆಸನದ ಮೆತ್ತೆಗಳನ್ನು ಹೊರಿಸಿ ತಂದು, ಹಾಕುತ್ತ ತೆಗೆಯುತ್ತ ಅಳೆದ. ಸಿಕ್ಕ ಸೂತ್ರ ಸರಳ. ಕೋಣೆ ದೊಡ್ಡದಾದಷ್ಟೂ ಗುಂಯ್ ಹೆಚ್ಚು, ಸದ್ದು ಹೀರುವ ವಸ್ತು ಹೆಚ್ಚಿದಷ್ಟೂ ಗುಂಯ್ ಕಡಿಮೆ. ಹೀರುವಿಕೆಗೆ ಅವನು ಹಿಡಿದ ಅಳತೆ ತೆರೆದ ಕಿಟಕಿ. ಅಲ್ಲಿಂದ ಹೋದ ಸದ್ದು ತಿರುಗಿ ಬರುವುದೇ ಇಲ್ಲವಲ್ಲ.

ಅದೇ ಲೆಕ್ಕವನ್ನು ನಮ್ಮ ಮನೆಗೆ ಹಾಕೋಣ. ಐದು ಮೀಟರ್ ಉದ್ದ, ನಾಲ್ಕು ಮೀಟರ್ ಅಗಲ, ಮೂರು ಮೀಟರ್ ಎತ್ತರದ ಬರಿಗೋಡೆಯ ಟೈಲ್ಸ್ ಹಾಲ್‌ನಲ್ಲಿ, ಕಿಟಕಿ ಬಾಗಿಲು ಮುಚ್ಚಿದರೆ, ಸದ್ದು ಅಡಗಲು ಸುಮಾರು ಮೂರು ಸೆಕೆಂಡು ಬೇಕು. ಅಷ್ಟರಲ್ಲಿ ಮುಂದಿನ ಏಳೆಂಟು ಪದ ಬಂದು ಅದರ ಮೇಲೆ ಬಿದ್ದಿರುತ್ತವೆ. ಅಲ್ಲಿಗೆ ಹತ್ತು ಚದರ ಮೀಟರಿನಷ್ಟು ದಪ್ಪ ಬಟ್ಟೆ, ಹಾಸಿಗೆ, ಕಂಬಳಿ ತಂದರೆ ಮೂರು ಸೆಕೆಂಡು ಹತ್ತಿರಹತ್ತಿರ ಒಂದು ಸೆಕೆಂಡಿಗೆ ಇಳಿಯುತ್ತದೆ. ಹೊಸ ಉಪಕರಣ ಬೇಡ, ಮನೆಯಲ್ಲಿದ್ದದ್ದೇ ಸಾಕು.

ಕೋಣೆ ಆರಿಸುವ ಕ್ರಮ ಹೀಗೆ. ಕೋಣೆಯ ನಡುವೆ ನಿಂತು ಜೋರಾಗಿ ಒಂದು ಚಪ್ಪಾಳೆ ಹೊಡೆಯಿರಿ. ಚಪ್ಪಾಳೆಯ ಹಿಂದೆ ಬಾಲ ಕೇಳಿದರೆ, ಅಥವಾ ಎದುರುಬದುರು ಗೋಡೆಗಳ ನಡುವೆ ಟರ್ರ್ ಎಂದು ನಡುಗಿದಂತೆ ಕೇಳಿದರೆ ಆ ಕೋಣೆ ಬೇಡ. ಹಾಲ್ ಬಿಟ್ಟು ಮಲಗುವ ಕೋಣೆಗೆ ಹೋಗಿ. ಮಂಚದ ಮೇಲೆ ಹಾಸಿಗೆ ಇರಲಿ, ಕಪಾಟಿನ ಬಾಗಿಲು ತೆರೆದು ಬಟ್ಟೆ ಕಾಣುವಂತೆ ಮಾಡಿ, ನೆಲಕ್ಕೆ ಜಮಖಾನ ಹಾಸಿ. ಮಾತಾಡುವವರ ಬೆನ್ನ ಹಿಂದೆ ಒಂದು ಕಂಬಳಿ ತೂಗುಹಾಕಿ, ಏಕೆಂದರೆ ಮೈಕ್ ನೋಡುತ್ತಿರುವುದು ಆ ದಿಕ್ಕಿಗೇ. ಕಂಬಳಿ ಗೋಡೆಗೆ ತಾಗಿರಬಾರದು, ಅರ್ಧ ಗೇಣು ಜಾಗ ಬಿಟ್ಟರೆ ಅದು ಹೀರುವುದು ಹೆಚ್ಚುತ್ತದೆ. ತೆಳ್ಳನೆಯ ಪರದೆ ಚೂಪು ಸದ್ದನ್ನು ಮಾತ್ರ ಕಡಿಮೆ ಮಾಡಿ ಗಂಡಸರ ತಗ್ಗು ದನಿಯ ಗುಂಯ್ ಹಾಗೆಯೇ ಬಿಡುತ್ತದೆ. ಮೊಟ್ಟೆಯ ಟ್ರೇಗಳನ್ನು ಗೋಡೆಗೆ ಅಂಟಿಸುವ ಉಪಾಯ ಬಹಳ ಕಡೆ ಹೇಳುತ್ತಾರೆ, ಅದರಿಂದ ಹೆಚ್ಚೇನೂ ಆಗದು. ಅಡಿಕೆ ಮೂಟೆ ಪೇರಿಸಿಟ್ಟ ಕೋಣೆ ಸಿಕ್ಕರೆ ಅದಕ್ಕಿಂತ ಒಳ್ಳೆಯ ಸ್ಟುಡಿಯೊ ಹಳ್ಳಿಯಲ್ಲಿ ಇಲ್ಲ.

ಒಂದು ಗೇಣು

ಕೋಣೆಯಷ್ಟೇ ಮುಖ್ಯ ಬಾಯಿಗೂ ಮೈಕಿಗೂ ಇರುವ ದೂರ. ನನ್ನನ್ನು ಕೇಳಿದರೆ ಕೋಣೆಗಿಂತಲೂ ಮುಖ್ಯ. ದೂರ ಅರ್ಧವಾದರೆ ನೇರವಾಗಿ ಬರುವ ದನಿ ಆರು ಡೆಸಿಬೆಲ್ ಏರುತ್ತದೆ, ಕೋಣೆಯ ಗುಂಯ್ ಮಾತ್ರ ಎಲ್ಲಿಟ್ಟರೂ ಹೆಚ್ಚುಕಡಿಮೆ ಅಷ್ಟೇ ಇರುತ್ತದೆ. ಒಂದು ಮೀಟರ್ ದೂರದ ಟೀಪಾಯಿಯ ಮೇಲಿದ್ದ ಫೋನನ್ನು ಒಂದು ಗೇಣಿನಷ್ಟು ಹತ್ತಿರಕ್ಕೆ ತಂದರೆ ಗುಂಯ್‌ಗೆ ಹೋಲಿಸಿ ದನಿ ಹನ್ನೆರಡು ಡೆಸಿಬೆಲ್ ಮೇಲೇಳುತ್ತದೆ. ಯಾವ ಆ್ಯಪ್ ಕೂಡ ಇಷ್ಟು ಶುದ್ಧವಾಗಿ ಈ ಕೆಲಸ ಮಾಡಲಾರದು. ಮೈಕ್ ಬಾಯಿಗೆ ನೇರ ಎದುರು ಬೇಡ, ಸ್ವಲ್ಪ ಓರೆಗೆ, ಕೆನ್ನೆಯ ದಿಕ್ಕಿಗೆ ಇರಲಿ. ಎದುರಿಗಿಟ್ಟರೆ ಪ, ಫ, ಬ, ಭ ಬಂದಾಗಲೆಲ್ಲ ಉಸಿರು ಮೈಕಿಗೆ ಬಡಿದು 'ಧಪ್' ಎನ್ನುತ್ತದೆ. ಮಹಾಪ್ರಾಣಗಳನ್ನು ಒತ್ತಿ ಹೇಳುವ ತಾಳಮದ್ದಳೆಯ ಅರ್ಥಧಾರಿಗಳ ರೆಕಾರ್ಡಿಂಗ್ ಹಾಳಾಗುವುದು ಹೆಚ್ಚಾಗಿ ಇದರಿಂದಲೇ.

ವಯರಿನ ಸಾದಾ ಇಯರ್‌ಫೋನಿನ ಮೈಕ್ ಕೂಡ ದೂರದ ಒಳ್ಳೆಯ ಮೈಕಿಗಿಂತ ಮೇಲು, ಅಂಗಿಯ ಕಾಲರಿಗೋ ಶಾಲಿಗೋ ಉಜ್ಜದ ಹಾಗೆ ಸಿಕ್ಕಿಸಬೇಕು ಅಷ್ಟೆ. ಬ್ಲೂಟೂತ್ ಇಯರ್‌ಫೋನಿನಲ್ಲಿ ಹಾಡು ಚೆನ್ನಾಗಿ ಕೇಳುತ್ತದೆಂದು ರೆಕಾರ್ಡಿಂಗಿಗೂ ಅದನ್ನೇ ಬಳಸಬೇಡಿ. ಅದರ ಮೈಕ್ ಚಾಲೂ ಆದ ಕೂಡಲೇ ಹೆಚ್ಚಿನ ಸೆಟ್‌ಗಳಲ್ಲಿ ಧ್ವನಿಯ ಗುಣಮಟ್ಟ ಫೋನ್ ಕರೆಯ ಮಟ್ಟಕ್ಕೆ ಇಳಿಯುತ್ತದೆ.

ಸಮಯವನ್ನೂ ನೋಡಬೇಕು. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಅಂಗಳಕ್ಕೆ ಹೊದಿಸಿದ ತಗಡಿನ ಮೇಲೆ ಮಳೆ ಸುರಿಯುವಾಗ ಯಾವ ಮೈಕೂ ನಡೆಯದು. ಏಪ್ರಿಲ್, ಮೇ ತಿಂಗಳಲ್ಲಿ ಜೀರುಂಡೆ. ಚಳಿಗಾಲ ಒಳ್ಳೆಯದು, ಆದರೆ ಅದು ಕೊಯ್ಲಿನ ಕಾಲ, ಅಡಿಕೆ ಸುಲಿಯುವ ಯಂತ್ರದ ಸದ್ದು ಇದ್ದೇ ಇರುತ್ತದೆ. ಊಟವಾಗಿ ಎಲ್ಲರೂ ಒಂದು ಗಳಿಗೆ ಅಡ್ಡಾಗುವ ಮಧ್ಯಾಹ್ನದ ಹೊತ್ತು ಹಿಡಿಯಿರಿ. ಫ್ಯಾನ್ ನಿಲ್ಲಿಸಿ, ಫ್ರಿಜ್ಜಿನ ಪ್ಲಗ್ ತೆಗೆಯಿರಿ, ಫೋನ್ ಏರೋಪ್ಲೇನ್ ಮೋಡಿನಲ್ಲಿರಲಿ. ಮುಗಿದ ಮೇಲೆ ಫ್ರಿಜ್ ಮತ್ತೆ ಹಾಕುವುದನ್ನು ಮರೆಯಬೇಡಿ.

ಮನೆಯ ಹಿರಿಯರಿಂದ ಹಸೆಯ ಹಾಡು, ಆರತಿ ಹಾಡು, ಯಲ್ಲಾಪುರ ಕಡೆಯ ಸಿದ್ದಿ ಸಮುದಾಯದ ಡಮಾಮಿಯ ಹಾಡು ಹಿಡಿದಿಡಬೇಕೆಂದಿರುವವರಿಗೆ ಇನ್ನೊಂದು ಮಾತು. ಅಜ್ಜಿಯನ್ನು ಹಾಲ್‌ನ ಸೋಫಾದ ಮೇಲೆ ಕೂರಿಸಿ "ಈಗ ಹಾಡು ಅಮ್ಮಮ್ಮಾ" ಎಂದರೆ ದನಿ ಬಿಗಿಯಾಗುತ್ತದೆ, ಕೋಣೆಯೂ ಗುಂಯ್‌ಗುಡುತ್ತದೆ. ಅವಳ ಕೋಣೆಗೇ ಹೋಗಿ, ಹಾಸಿಗೆಯ ಮೇಲೆ ಪಕ್ಕದಲ್ಲಿ ಕೂತು, ಮೈಕ್ ಸೆರಗಿಗೆ ಸಿಕ್ಕಿಸಿ, ಹತ್ತು ನಿಮಿಷ ಬೇರೆ ಮಾತಾಡಿ. ಬಳೆಗಳ ಸದ್ದು ಮಾತಿಗಿಂತ ಜೋರಾಗಿ ಬರುತ್ತದೆ, ಕೈಗಳು ಮಡಿಲಲ್ಲಿ ಆರಾಮವಾಗಿರಲಿ. ಡಮಾಮಿ ಬಾರಿಸುವಾಗ ಮೈಕ್ ಹಾಡುವವರ ಹತ್ತಿರವಿರಲಿ, ವಾದ್ಯ ಮೈಕಿನ ಬೆನ್ನ ಕಡೆಗೆ ಎರಡು ಮಾರು ಆಚೆ ಇದ್ದರೂ ಧಾರಾಳ ಕೇಳುತ್ತದೆ.

ತಾಳಮದ್ದಳೆ ಹಿಡಿಯುವವರಿಗೆ

ತಾಳಮದ್ದಳೆಯಲ್ಲಿ ವೇಷವಿಲ್ಲ, ಕುಣಿತವಿಲ್ಲ, ಭಾಗವತರ ಪದ್ಯ ಮತ್ತು ಅರ್ಥಧಾರಿಗಳ ಮಾತೇ ಎಲ್ಲ. ಅದನ್ನು ಸಮುದಾಯ ಭವನದ ಕೊನೆಯ ಸಾಲಿನಲ್ಲಿ ಕೂತು ಫೋನಿನಲ್ಲಿ ಹಿಡಿದರೆ ಉಳಿಯುವುದು ಗದ್ದಲ ಮಾತ್ರ. ಶಿರಸಿ ಸೀಮೆಯ ನೆಬ್ಬೂರು ನಾರಾಯಣ ಭಾಗವತರು 2019ರಲ್ಲಿ ಹೋದರು, ಹೊಸ್ತೋಟ ಮಂಜುನಾಥ ಭಾಗವತರು 2020ರಲ್ಲಿ. ಅವರ ಪದ್ಯವನ್ನು ಮುಂದಿನವರು ಕೇಳಬೇಕಾದರೆ ರೆಕಾರ್ಡಿಂಗ್ ಬಿಟ್ಟರೆ ದಾರಿಯಿಲ್ಲ. ಇಂದು ಹಾಡುತ್ತಿರುವವರಿಗೂ ಈ ಮಾತು ಅನ್ವಯಿಸುತ್ತದೆ ಎಂಬ ಎಚ್ಚರ ನಮಗಿರಬೇಕು.

ಧ್ವನಿವರ್ಧಕದ ಎದುರು ಫೋನ್ ಇಡಬೇಡಿ. ಕೂಟಕ್ಕೆ ಮುಂಚೆಯೇ ಸೌಂಡ್ ಸಿಸ್ಟಮ್‌ನವರಲ್ಲಿ ಹೋಗಿ ಮಿಕ್ಸರಿನ ರೆಕಾರ್ಡ್ ಔಟ್ ಕೇಳಿ. ಅಲ್ಲಿಂದ ಒಂದು ವಯರ್ ನಿಮ್ಮ ರೆಕಾರ್ಡರಿಗೆ ಬಂದರೆ ಸಭಾಂಗಣದ ಎಕೋ ಎಂಬುದು ಹತ್ತಿರಕ್ಕೂ ಸುಳಿಯದು. ಅವರು ಮಾತಿಗೆ ಎಕೋ ಎಫೆಕ್ಟ್ ಹಾಕಿದ್ದರೆ ವಿನಯದಿಂದ ತೆಗೆಸಿ. ಭಾಗವತರ ಪದ್ಯಕ್ಕೆ ಚೂರು ಇದ್ದರೆ ಸಹಿಸಬಹುದು, ಅರ್ಥಕ್ಕೆ ಖಂಡಿತ ಬೇಡ. ಮಿಕ್ಸರ್ ಸಿಗದಿದ್ದರೆ ಅರ್ಥಧಾರಿಗಳ ನಡುವೆ, ಮೈಕ್ ಸ್ಟ್ಯಾಂಡಿನ ಬುಡದಲ್ಲೇ ರೆಕಾರ್ಡರ್ ಇಡಲು ಒಪ್ಪಿಗೆ ಪಡೆಯಿರಿ. ಲೆವೆಲ್ ಹೊಂದಿಸುವಾಗ ಮಾತನ್ನು ಮಾತ್ರ ಕೇಳಿ ಸಾಕೆನ್ನಬೇಡಿ. ಚೆಂಡೆ ಬಿದ್ದಾಗಲೂ ಮುಳ್ಳು ಮೈನಸ್ ಆರು ಡೆಸಿಬೆಲ್ ದಾಟದಿರಲಿ. ಕಡಿಮೆ ದನಿಯನ್ನು ಆಮೇಲೆ ಏರಿಸಬಹುದು, ಒಡೆದ ದನಿಯನ್ನು ಕೂಡಿಸಲು ಬರುವುದಿಲ್ಲ. ವೇವ್ ಫೈಲ್, 48 ಕಿಲೋಹರ್ಟ್ಸ್, ಮೊನೊ ಇಟ್ಟರೆ ಗಂಟೆಗೆ ಸುಮಾರು 350 ಎಂಬಿ, ಮೂರು ತಾಸಿನ ಪ್ರಸಂಗಕ್ಕೆ ಒಂದು ಜಿಬಿ. ಜಾಗದ ಚಿಂತೆಗೆ ಗುಣಮಟ್ಟ ಇಳಿಸುವ ಕಾಲ ಇದಲ್ಲ. ವಾಟ್ಸ್ಆ್ಯಪ್‌ನಲ್ಲಿ ಕಳಿಸುವಾಗಲೂ ಡಾಕ್ಯುಮೆಂಟ್ ಎಂದು ಕಳಿಸಿ.

ಲಾಕ್‌ಡೌನ್ ಕಾಲದಿಂದ ಭಾಗವತಿಕೆ, ಚೆಂಡೆ, ಸಂಗೀತದ ಪಾಠಗಳು ಝೂಮ್‌ನಲ್ಲಿ ನಡೆಯುತ್ತಿವೆ. ಅಲ್ಲಿ ಶ್ರುತಿ ಕೇಳುವುದಿಲ್ಲ, ಚೆಂಡೆ ಕೇಳುವುದಿಲ್ಲ ಎಂಬ ದೂರು ಸಾಮಾನ್ಯ. ಝೂಮ್ ಮಾತಿಗಾಗಿ ಮಾಡಿದ್ದು. ಒಂದೇ ಸಮನೆ ಮೊಳಗುವ ಶ್ರುತಿಯನ್ನು ಅದು ಫ್ಯಾನಿನ ಸದ್ದೆಂದೂ, ಚೆಂಡೆಯನ್ನು ಯಾರೋ ಬಾಗಿಲು ಬಡಿದದ್ದೆಂದೂ ತಿಳಿದು ಅಳಿಸುತ್ತದೆ. ಆಡಿಯೊ ಸೆಟ್ಟಿಂಗಿನಲ್ಲಿ 'ಒರಿಜಿನಲ್ ಸೌಂಡ್ ಫಾರ್ ಮ್ಯೂಸಿಷಿಯನ್ಸ್' ಆನ್ ಮಾಡಿ, ಇಯರ್‌ಫೋನ್ ಹಾಕಿಕೊಳ್ಳಿ. ಗುರು-ಶಿಷ್ಯರು ಒಟ್ಟಿಗೆ ಹಾಡುವ ಪ್ರಯತ್ನ ಬೇಡ. ಮೂವತ್ತು ಮಿಲಿಸೆಕೆಂಡಿಗಿಂತ ಹೆಚ್ಚು ತಡವಾದರೆ ತಾಳ ಹಿಡಿಯುವುದು ಕಷ್ಟ, ಇಂಟರ್ನೆಟ್ ಕರೆಯ ತಡ ಬಹಳಷ್ಟು ಸಲ ಅದರ ಮೂರ್ನಾಲ್ಕು ಪಟ್ಟು. ಒಬ್ಬರು ಹಾಡಿ ನಿಲ್ಲಿಸಿದ ಮೇಲೆ ಇನ್ನೊಬ್ಬರು ಹಾಡಬೇಕು. ವಿದೇಶದ ಮಕ್ಕಳನ್ನು ಸೇರಿಸಿಕೊಂಡು ಭಜನೆ ಮಾಡುವ ಮನೆಗಳಿಗೂ ಇದೇ ನಿಯಮ.

ಆಗಿಹೋದ ರೆಕಾರ್ಡಿಂಗ್ ಸರಿಮಾಡುವುದು

ಗುಂಯ್‌ಗುಡುವ ಹಳೆಯ ರೆಕಾರ್ಡಿಂಗ್ ತಂದು "ಎಕೋ ತೆಗೆದುಕೊಡಿ" ಎನ್ನುವವರು ಬಹಳ. ಪೂರ್ತಿ ತೆಗೆಯಲು ಆಗುವುದಿಲ್ಲ. ಗದ್ದಲ ಬೇರೆ ವಸ್ತುವಿನದು, ಎಕೋ ಅದೇ ದನಿಯದು. ಅಳಿಸಲು ಹೋದಾಗ ಮಾತಿನ ತುದಿಯೂ ಹೋಗುತ್ತದೆ. ಗದ್ದಲ ತಗ್ಗಿಸಲು ಉಚಿತ ತಂತ್ರಾಂಶ ಆಡಾಸಿಟಿ ಸಾಕು. ಯಾರೂ ಮಾತಾಡದ ಎರಡು ಸೆಕೆಂಡು ಆರಿಸಿ ನಾಯ್ಸ್ ಪ್ರೊಫೈಲ್ ತೆಗೆದು, ಆರರಿಂದ ಹತ್ತು ಡೆಸಿಬೆಲ್ ಮಾತ್ರ ಇಳಿಸಿ. ಅದಕ್ಕಿಂತ ಹೆಚ್ಚಾದರೆ ದನಿ ನೀರಿನೊಳಗಿಂದ ಬಂದಂತೆ ಕೇಳುತ್ತದೆ. ಎಂಬತ್ತು ಹರ್ಟ್ಸ್‌ಗಿಂತ ಕೆಳಗಿನದನ್ನು ಹೈ ಪಾಸ್ ಫಿಲ್ಟರಿನಿಂದ ಕತ್ತರಿಸಿದರೆ ಕರೆಂಟಿನ 50 ಹರ್ಟ್ಸ್ ಗುಂಯ್‌ಕಾರವೂ ಬಹಳ ಮಟ್ಟಿಗೆ ಹೋಗುತ್ತದೆ. ಕೃತಕ ಬುದ್ಧಿಮತ್ತೆಯ ಹೊಸ ಸಾಧನಗಳು ಎಕೋ ತಗ್ಗಿಸುವುದರಲ್ಲಿ ಮೊದಲಿಗಿಂತ ಎಷ್ಟೋ ಮುಂದಿವೆ. ಆದರೆ ಹಾಡಿನ ಗಮಕವನ್ನು, ಹಿರಿಯರ ಅಸ್ಪಷ್ಟ ಪದವನ್ನು ತಮಗೆ ತೋಚಿದಂತೆ ತಿದ್ದಿಬಿಡುವ ಅಪಾಯವಿದೆ. ಕೇಳಲು ಒಂದು ಪ್ರತಿ ಹಾಗೆ ಮಾಡಿಕೊಳ್ಳಿ, ದಾಖಲೆಗೆ ಅದು ಬೇಡ.

ಅಟ್ಟದ ಮೇಲಿನ ಕ್ಯಾಸೆಟ್‌ಗಳನ್ನು ಇಳಿಸಿಕೊಳ್ಳುವಾಗಲೂ ಎಕೋದ ಎಚ್ಚರ ಬೇಕು. ಟೇಪ್ ರೆಕಾರ್ಡರ್ ಹಾಡಿಸಿ ಅದರೆದುರು ಫೋನ್ ಹಿಡಿದರೆ ಅಂದಿನ ಸಭಾಂಗಣದ ಎಕೋ ಜೊತೆ ಇಂದಿನ ಕೋಣೆಯ ಎಕೋ ಸೇರುತ್ತದೆ. ಇಯರ್‌ಫೋನ್ ತೂತಿನಿಂದ ಕಂಪ್ಯೂಟರಿಗೆ ವಯರ್ ಎಳೆಯಿರಿ. ಟೇಪಿನ ಅಂಚಿನಲ್ಲಿ ಬಿಳಿ ಬೂಷ್ಟು ಕಂಡರೆ ಹಾಗೆಯೇ ಹಾಡಿಸಬೇಡಿ, ಅದು ಹೆಡ್‌ಗೆ ಮೆತ್ತಿ ಮುಂದಿನ ಕ್ಯಾಸೆಟ್ಟಿಗೂ ದಾಟುತ್ತದೆ. ಹೆಡ್ಡನ್ನು ಐಸೊಪ್ರೊಪೈಲ್ ಆಲ್ಕೊಹಾಲಿನಲ್ಲಿ ಅದ್ದಿದ ಹತ್ತಿಯಿಂದ ಒರೆಸಿ, ಪೂರ್ತಿ ಒಣಗಿದ ಮೇಲೆ ಶುರುಮಾಡಿ. ದನಿ ಮಂಕಾಗಿದ್ದರೆ ಹೆಡ್‌ನ ಪಕ್ಕದ ಸಣ್ಣ ಸ್ಕ್ರೂವನ್ನು ಕೇಳುತ್ತ ಕೇಳುತ್ತ ಚೂರೇ ತಿರುಗಿಸಿದರೆ ಎಷ್ಟೋ ಸಲ ಸ್ವರ ತಿಳಿಯಾಗುತ್ತದೆ.

ಮಲೆನಾಡಿನ ಒಂದೊಂದು ಮಳೆಗಾಲಕ್ಕೂ ಇನ್ನಷ್ಟು ಕ್ಯಾಸೆಟ್ ಬೂಷ್ಟು ಹಿಡಿಯುತ್ತವೆ. ನಿಮ್ಮ ಮನೆಯಲ್ಲಿ ಇದ್ದರೆ ಈ ಸಲದ ಮಳೆಗೆ ಮೊದಲು ಇಳಿಸಿಕೊಳ್ಳಿ, ಎರಡು ಬೇರೆ ಬೇರೆ ಮನೆಗಳಲ್ಲಿ ಪ್ರತಿ ಇಡಿ. ಶುದ್ಧಮಾಡಿದ ಪ್ರತಿ ಎಷ್ಟೇ ಚೆನ್ನಾಗಿ ಬಂದರೂ ಮೂಲ ಫೈಲನ್ನು ಮಾತ್ರ ಅಳಿಸಬೇಡಿ.